ಹದಿನೇಳು ಬಾಗಿಲುಗಳ ಐಸಕ್ಕ

ಬೆಳಗಿನ ಐದೂ ಹತ್ತು. ಲಿಫ್ಟ್ ಇಲ್ಲದ ಕಟ್ಟಡದ ಮೂರನೇ ಮಹಡಿ. ಎಡಗೈಯಲ್ಲಿ ನೀಲಿ ಪೆಟ್ಟಿಗೆ, ಬಲಗೈಯಲ್ಲಿ ಪುಟ್ಟ ಟಾರ್ಚು ಹಿಡಿದ ಐವತ್ತಮೂರರ ಹೆಂಗಸೊಬ್ಬರು ಮೆಟ್ಟಿಲ ತುದಿಯಲ್ಲಿ ನಿಂತು ಉಸಿರು ಸುಧಾರಿಸಿಕೊಳ್ಳುತ್ತಿದ್ದಾರೆ. ಕರೆಗಂಟೆ ಇದೆ, ಆದರೆ ಒತ್ತುವುದಿಲ್ಲ. ಒತ್ತಿದರೆ ಪಕ್ಕದ ಮನೆಯವರು ಏಳುತ್ತಾರೆ, ಎದ್ದವರು ಯಾರು ಏನು ಎಂದು ಕೇಳುತ್ತಾರೆ, ಕೇಳಿದವರಿಗೆ ಏನಾದರೊಂದು ಹೇಳಬೇಕಾಗುತ್ತದೆ. ಬೆರಳ ಗೆಣ್ಣಿನಿಂದ ಎರಡು ಸಲ ಮೆಲ್ಲಗೆ ಬಾಗಿಲು ತಟ್ಟುತ್ತಾರೆ, ಅಷ್ಟೇ. ಬಾಗಿಲು ಒಂದು ಗೇಣು ತೆರೆಯುತ್ತದೆ. ಸಂದಿಯಿಂದ ಒಂದು ಕೈ ಹೊರಬರುತ್ತದೆ. ಕೈಯಲ್ಲಿ ಕಿರುಬೆರಳಿನಷ್ಟು ಉದ್ದದ ಪ್ಲಾಸ್ಟಿಕ್ ಕೊಳವೆ, ಅದರಲ್ಲಿ ಅರ್ಧದವರೆಗೆ ಎಂಜಲು.

ಅವರು ಕೊಳವೆಯ ಹಿಂದೆ ಟಾರ್ಚು ಹಿಡಿದು ನೋಡುತ್ತಾರೆ. ತಿರುಗಿಸಿ ಮತ್ತೆ ನೋಡುತ್ತಾರೆ. ಸಾಲದೆಂಬಂತೆ ಮೂರನೇ ಸಲವೂ ನೋಡಿ, ಚೀಟಿಯಲ್ಲಿ ಗುರುತು ಹಾಕಿ, ಪೆಟ್ಟಿಗೆಯ ಮಂಜುಗಡ್ಡೆಯ ನಡುವೆ ಅದನ್ನು ಹುದುಗಿಸುತ್ತಾರೆ. ಅಷ್ಟರಲ್ಲಿ ಬಾಗಿಲು ಮುಚ್ಚಿಯಾಗಿದೆ. ಒಳಗಿನಾಕೆ ಒಂದು ಮಾತು ಆಡಿಲ್ಲ. ಇಂದಿಗೆ ಹದಿನಾರನೇ ದಿನ, ಹದಿನಾರು ದಿನವೂ ಹೀಗೆಯೇ.

"ಪರವಾಗಿಲ್ಲ ಬಿಡಿ, ಕೊಳವೆ ಕೊಡ್ತಾರಲ್ಲ, ಅದೇ ದೊಡ್ಡದು," ಎಂದು ಜೊತೆಗೆ ಬಂದ ನಮಗೆ ಹೇಳುತ್ತಾ ಅವರು ಮೆಟ್ಟಿಲಿಳಿಯುತ್ತಾರೆ. ಆ ಮೌನಕ್ಕೆ ಕಾರಣವಿದೆ, ಅದಕ್ಕೆ ಆಮೇಲೆ ಬರೋಣ. ಈಗ ಅವರ ಹಿಂದೆಯೇ ಹೋಗದಿದ್ದರೆ ಮುಂದಿನ ಬಾಗಿಲು ತಪ್ಪುತ್ತದೆ.

ಇವರು ಕೆಲಸ ಮಾಡುವ ಆಸ್ಪತ್ರೆಯ ಪ್ರಯೋಗಾಲಯದಲ್ಲಿ ಎಲ್ಲರೂ ಇವರನ್ನು ಕರೆಯುವುದು ಐಸಕ್ಕ ಎಂದು. ಬೀದಿಯ ಮಕ್ಕಳು ಆ ಪೆಟ್ಟಿಗೆ ನೋಡಿ ಐಸ್ ಕ್ಯಾಂಡಿ ಮಾರುವವರೆಂದು ತಿಳಿದು ಬೆನ್ನು ಹತ್ತಿದ್ದುಂಟು. "ಇದ್ಯಾ ಅಂತ ಕೇಳ್ತಾವೆ. ಖಾಲಿ ಆಯ್ತು ಮರಿ ಅಂತೀನಿ. ಐದು ಗಂಟೆಗೇ ಖಾಲಿ ಮಾಡ್ಕೊಂಡು ಹೋಗ್ತಾಳಲ್ಲ, ಎಂಥ ವ್ಯಾಪಾರ ಇರ್ಬೇಕು ಇವಳ್ದು ಅಂತ ಅವಕ್ಕೆ ಬೆರಗು," ಎಂದು ನಗುತ್ತಾರೆ. ಆ ನಗು ಮುಂದಿನ ತಿರುವಿನವರೆಗೂ ನಿಲ್ಲುವುದಿಲ್ಲ.

ಮಕ್ಕಳಾಗಲೆಂದು ಚಿಕಿತ್ಸೆ ಪಡೆಯುವ ಹೆಂಗಸರ ಮೈಯಲ್ಲಿ ಹಾರ್ಮೋನು ಎಷ್ಟು ಏರಿತು, ಎಷ್ಟು ಇಳಿಯಿತು ಎಂದು ದಿನದಿನವೂ ನೋಡುತ್ತಿರಬೇಕು. ಸೂಜಿಮದ್ದು ಹೆಚ್ಚಿಸಬೇಕೋ ಕಡಿಮೆ ಮಾಡಬೇಕೋ ಎಂದು ವೈದ್ಯರು ತೀರ್ಮಾನಿಸುವುದು ಆ ಅಂಕಿ ನೋಡಿಯೇ. ಮೊದಲೆಲ್ಲ ಇದಕ್ಕೆ ಆಸ್ಪತ್ರೆಯಲ್ಲಿ ಸಾಲು ನಿಂತು ದಿನವೂ ರಕ್ತ ಕೊಡಬೇಕಿತ್ತು. ಕೈಯೆಲ್ಲ ನೀಲಿಗಟ್ಟುತ್ತಿತ್ತು, ಕೆಲಸಕ್ಕೆ ಹೋಗುವವರಿಗೆ ಅರ್ಧ ದಿನ ಮುರಿಯುತ್ತಿತ್ತು. ಈ ಆಸ್ಪತ್ರೆಯಲ್ಲಿ ಈಗ ಎಂಜಲು ಸಾಕು. ರಕ್ತದಲ್ಲಿ ಒಂದು ಕೊಡ ತುಂಬ ಇರುವ ಹಾರ್ಮೋನು ಎಂಜಲಿಗೆ ಇಳಿಯುವುದು ಹನಿಯಷ್ಟು. ಆ ಹನಿಯನ್ನು ಅಳೆಯುವ ಯಂತ್ರ ಬಂದಿದೆ. ಯಂತ್ರದ ಬಗ್ಗೆ ಗೋಡೆ ತುಂಬ ಚಿತ್ರಪಟ ಅಂಟಿಸಿದ್ದಾರೆ. ಯಂತ್ರದ ಬಾಯಿಗೆ ಬೀಳುವ ಎಂಜಲನ್ನು ಕತ್ತಲಲ್ಲಿ ಮನೆಮನೆಯಿಂದ ತರುವವರ ಚಿತ್ರ ಎಲ್ಲೂ ಇಲ್ಲ.

ದಿನಕ್ಕೆ ಹದಿನೇಳು ಬಾಗಿಲು, ನಾನ್ನೂರ ಹತ್ತು ಮೆಟ್ಟಿಲು, ಹಳೆಯ ಮೊಪೆಡ್ಡಿನ ಮೇಲೆ ಇಪ್ಪತ್ತಾರು ಕಿಲೋಮೀಟರು. ಏಳೂವರೆಯೊಳಗೆ ಪೆಟ್ಟಿಗೆ ಪ್ರಯೋಗಾಲಯದ ಮೇಜಿನ ಮೇಲಿರಬೇಕು. ವಾರದ ರಜೆ ಎಂಬುದು ಕಾಗದದಲ್ಲಿದೆ. "ಮೈಯೊಳಗಿನ ಲೆಕ್ಕಕ್ಕೆ ಭಾನುವಾರ ಗೊತ್ತಿಲ್ವಲ್ಲ," ಎನ್ನುತ್ತಾರೆ ಐಸಕ್ಕ.

ಕೇಳಲು ಸುಲಭದ ಕೆಲಸ. ಉಗುಳಿಸಿಕೊಂಡು ಬರುವುದು ತಾನೆ! ಆದರೆ ಉಗುಳುವಂತಿಲ್ಲ. ಉಗುಳಿದರೆ ನೊರೆ ಬರುತ್ತದೆ, ನೊರೆ ಲೆಕ್ಕಕ್ಕಿಲ್ಲ. ತಲೆ ಬಾಗಿಸಿ, ಬಾಯಲ್ಲಿ ತಾನಾಗಿ ಊರಿದ ನೀರನ್ನು ಸಣ್ಣ ನಳಿಗೆಯಿಂದ ಕೊಳವೆಗೆ ಇಳಿಬಿಡಬೇಕು. ಎದ್ದ ಕೂಡಲೇ ಆಗಬೇಕು, ಹಲ್ಲುಜ್ಜುವಂತಿಲ್ಲ, ಬಾಯಿ ಮುಕ್ಕಳಿಸುವಂತಿಲ್ಲ. ಐದು ನಿಮಿಷದಲ್ಲಿ ತುಂಬಿಸುವವರಿದ್ದಾರೆ. ಇಪ್ಪತ್ತು ನಿಮಿಷವಾದರೂ ತಳ ಒದ್ದೆಯಾಗದವರೂ ಇದ್ದಾರೆ.

"ಹೆದರಿದ ಬಾಯಲ್ಲಿ ನೀರಿರಲ್ಲ. ಇವರೆಲ್ಲ ಹೆದರಿದವ್ರೇ. ನಾನು ಬಾಗಿಲ ಹೊರಗೆ ನಿಂತು ನಿಂಬೆಹಣ್ಣಿನ ಕಥೆ ಹೇಳ್ತೀನಿ. ದೊಡ್ಡ ನಿಂಬೆಹಣ್ಣು ಕಣಮ್ಮಾ, ಈಗ ತಾನೆ ಹೆಚ್ಚಿದ್ದು, ರಸ ಬೆರಳಲ್ಲಿ ಇಳೀತಾ ಇದೆ ನೋಡಿ ಅಂತ. ನೆನಸ್ಕೊಂಡ್ರೆ ಸಾಕು, ಬಾಯಿ ತುಂಬುತ್ತೆ. ನಿಜವಾಗ್ಲೂ ಕಚ್ಚಿದ್ರೆ ಪರೀಕ್ಷೆ ಕೆಟ್ಟುಹೋಗುತ್ತೆ. ಒಬ್ರು ಕಥೆ ಕೇಳಲಾರದೆ ಕಚ್ಚೇಬಿಟ್ಟಿದ್ರು!"

ಇವರು ಈ ಕೆಲಸಕ್ಕೆ ಬಂದು ಹನ್ನೊಂದು ವರ್ಷ. ಅದಕ್ಕೂ ಮೊದಲು ಒಂಬತ್ತು ವರ್ಷ ಇದೇ ಪ್ರಯೋಗಾಲಯದ ಹಿಂಭಾಗದಲ್ಲಿ ಗಾಜಿನ ಬಾಟಲಿ ತೊಳೆಯುತ್ತಿದ್ದರು. ಸೋಪಿನ ನೀರಿಗೆ ಬೆರಳಸಂದಿ ಕೊಳೆತು, ಚರ್ಮದ ಡಾಕ್ಟರು ಬಯ್ದ ಮೇಲೆ ಹೊರಗಿನ ಕೆಲಸ ಕೊಟ್ಟರು. ಓದಿದ್ದು ಏಳನೇ ತರಗತಿ. ಗಂಡ ಗೋದಾಮೊಂದರ ರಾತ್ರಿ ಕಾವಲುಗಾರ. ಆತ ಮನೆಗೆ ಬರುವ ಹೊತ್ತಿಗೆ ಇವರು ಎಷ್ಟೋ ಬಾಗಿಲು ತಟ್ಟಿರುತ್ತಾರೆ, ಇವರು ಮರಳುವಾಗ ಆತ ಗೊರಕೆ ಹೊಡೆಯುತ್ತಿರುತ್ತಾನೆ. "ನಮ್ಮ ಸಂಸಾರ ಚೀಟಿಯಲ್ಲೇ ನಡೆಯೋದು. ಸಾರು ಒಲೆ ಮೇಲಿದೆ ಅಂತ ನಾನು ಬರೀತೀನಿ, ಉಪ್ಪು ಜಾಸ್ತಿ ಅಂತ ಅವ್ರು ಬರೀತಾರೆ. ಜಗಳಕ್ಕೆ ಪುರುಸೊತ್ತೇ ಇಲ್ಲ, ಅದಕ್ಕೇ ಮೂವತ್ತು ವರ್ಷ ಬಾಳಿದೀವಿ."

ಮದುವೆಯಾದ ಮಗಳಿದ್ದಾಳೆ, ಅವಳಿಗೆ ಎರಡು ಮಕ್ಕಳು. ಹದಿನೇಳು ಬಾಗಿಲುಗಳಲ್ಲಿ ಒಂದಕ್ಕೂ ಈ ಸುದ್ದಿ ಗೊತ್ತಿಲ್ಲ. ನಿಮಗೆಷ್ಟು ಮಕ್ಕಳು ಎಂದು ಯಾರಾದರೂ ಕೇಳಿದರೆ ಐಸಕ್ಕ ಮಾತು ತೇಲಿಸಿಬಿಡುತ್ತಾರೆ. ಮೊಮ್ಮಗ ಹುಟ್ಟಿದ ಬೆಳಿಗ್ಗೆಯೂ ಅವರು ಎಲ್ಲ ಬಾಗಿಲಿಗೂ ಹೋಗಿದ್ದರು, ಮುಖವನ್ನು ಗಂಟಿಕ್ಕಿಕೊಂಡು. "ಖುಷಿ ಮುಖದಲ್ಲಿ ಕಾಣಿಸ್ಬಾರದಲ್ಲ, ಪಾಪ," ಎನ್ನುತ್ತಾರೆ. ಒಂದು ಖುಷಿಯನ್ನು ಬಚ್ಚಿಡುವುದೂ ಇವರ ಕೆಲಸದೊಳಗೇ ಬರುತ್ತದೆ ಎಂದು ನೇಮಕದ ಪತ್ರದಲ್ಲಿ ಯಾರೂ ಬರೆದಿರಲಿಲ್ಲ.

ಈಗ ಆ ಮೂರನೇ ಮಹಡಿಯ ಮೌನಕ್ಕೆ ಬರೋಣ.

ಒಳಗಿರುವಾಕೆ ಸಿದ್ಧ ಉಡುಪಿನ ಕಾರ್ಖಾನೆಯಲ್ಲಿ ಅಂಗಿಗಳಿಗೆ ಕಾಜಾ ಹೊಲಿಯುವವಳು, ದಿನಕ್ಕೆ ಸಾವಿರದ ಮೇಲೆ ಗುಂಡಿತೂತು. ವಯಸ್ಸು ಮೂವತ್ತೆಂಟು. ಗಂಡ ಮತ್ತು ಅತ್ತೆಯ ಜೊತೆ ಎರಡು ಕೋಣೆಯ ಮನೆ. ಆಸ್ಪತ್ರೆಯ ಉಚಿತ ಯೋಜನೆಯಲ್ಲಿ ಒಬ್ಬರಿಗೆ ಮೂರೇ ಸಲ ಚಿಕಿತ್ಸೆ. ಎರಡು ಸಲ ವಿಫಲವಾಗಿತ್ತು. ಕಳೆದ ವರ್ಷ ನಡೆದದ್ದು ಮೂರನೆಯದು, ಕೊನೆಯದು.

ಆ ಸಲ ಅಂಡಾಣು ಬೆಳೆಸುವ ಸೂಜಿಮದ್ದಿನ ಎಂಟನೇ ದಿನ. ಅಂಕಿ ದಿನವೂ ಒಂದೊಂದು ಮೆಟ್ಟಿಲು ಹತ್ತುತ್ತಿತ್ತು, ವೈದ್ಯರಿಗೂ ಸಮಾಧಾನವಿತ್ತು. ಅಂದು ಕಾಜಾ ಹೊಲಿಯುವಾಕೆಯ ಕಾರ್ಖಾನೆಯಲ್ಲಿ ಪಾಳಿ ಬೇಗ ಶುರು. ಬೀದಿಯ ಕೊನೆಯಲ್ಲಿ ಕಾರ್ಖಾನೆಯ ಬಸ್ಸು ಒಂದೇ ಸಮನೆ ಹಾರನ್ ಬಾರಿಸುತ್ತಿತ್ತು. ಆಕೆ ಒಂದು ಕಾಲಿಗೆ ಚಪ್ಪಲಿ ಮೆಟ್ಟಿಕೊಂಡು, ಇನ್ನೊಂದನ್ನು ಹುಡುಕುತ್ತ, ಕೊಳವೆ ಕೊಟ್ಟಳು. ಐಸಕ್ಕ ಟಾರ್ಚು ಹಿಡಿದರು. ತಿಳಿಯಾಗಿರಬೇಕಾದ ಎಂಜಲಿನಲ್ಲಿ ದಾಳಿಂಬೆಯ ಒಂದು ಕಾಳು ಅದ್ದಿ ತೆಗೆದಷ್ಟು ಕೆಂಪು ಛಾಯೆ ಕಂಡಿತು. ಒಸಡಿನ ರಕ್ತ.

ನಿಯಮ ಸ್ಪಷ್ಟವಾಗಿದೆ. ಕೆಂಪು ಕಂಡರೆ ಆ ಕೊಳವೆ ಬಿಸಾಡಬೇಕು, ಬಾಯಿ ಮುಕ್ಕಳಿಸಲು ಹೇಳಬೇಕು, ಹತ್ತು ನಿಮಿಷ ಕಾದು ಹೊಸದಾಗಿ ತೆಗೆದುಕೊಳ್ಳಬೇಕು. ರಕ್ತದ ಒಂದು ಸಣ್ಣ ಹನಿ ಬೆರೆತರೂ ಎಂಜಲಿನ ಅಂಕಿ ಎಲ್ಲಿಗೋ ಜಿಗಿಯುತ್ತದೆ. ಐಸಕ್ಕನಿಗೆ ಇದು ಬಾಯಿಪಾಠ. ಆದರೆ ಬಸ್ಸು ಕೂಗುತ್ತಿತ್ತು. ಬಸ್ಸು ತಪ್ಪಿದರೆ ಮೇಲ್ವಿಚಾರಕ ಆಕೆಯನ್ನು ಎಲ್ಲರೆದುರು ನಿಲ್ಲಿಸಿ ಬಯ್ಯುತ್ತಾನೆಂದು ಹಿಂದೊಮ್ಮೆ ಆಕೆಯೇ ಹೇಳಿಕೊಂಡಿದ್ದಳು.

"ಅವಳು ಕೇಳ್ಲಿಲ್ಲ ನೋಡಿ. ಅದೊಂದು ಬರ್ಕೊಳಿ. ಬಿಟ್ಬಿಡಿ ಅಕ್ಕ ಅಂತ ಅವಳು ಒಂದು ಮಾತು ಅಂದಿಲ್ಲ. ಕೆಂಪು ಅವಳಿಗೆ ಕಾಣಿಸಿಯೂ ಇಲ್ಲ. ನಾನೇ ಪಾಪ ಅಂದ್ಕೊಂಡೆ. ಇಷ್ಟು ಚೂರಿಗೆ ಏನಾಗುತ್ತೆ ಅಂದ್ಕೊಂಡೆ. ಚೀಟೀಲಿ ತಿಳಿ ಅಂತ ಗುರುತು ಹಾಕಿ, ಓಡು ಓಡು ಅಂದೆ. ಓಡಿದ್ಲು."

ಅಂದು ಅಂಕಿ ಇದ್ದಕ್ಕಿದ್ದಂತೆ ಎರಡರಷ್ಟಾಯಿತು. ಇಷ್ಟು ಜೋರಾಗಿ ಏರಿದರೆ ಜೀವಕ್ಕೇ ಅಪಾಯವಾಗಬಹುದೆಂದು ಹೆದರಿ ವೈದ್ಯರು ಎರಡು ದಿನ ಸೂಜಿಮದ್ದು ನಿಲ್ಲಿಸಿದರು. ಚೀಟಿಯಲ್ಲಿ ತಿಳಿ ಎಂದು ಬರೆದಿರುವಾಗ ಅವರೇಕೆ ಅನುಮಾನ ಪಡಬೇಕು? ನಾಲ್ಕನೇ ದಿನ ಸ್ಕ್ಯಾನ್ ಮಾಡಿ ನೋಡಿದರೆ, ಬೆಳೆಯುತ್ತಿದ್ದದ್ದೆಲ್ಲ ಮುದುಡಿಹೋಗಿತ್ತು. ಚಿಕಿತ್ಸೆ ಅಲ್ಲಿಗೇ ನಿಂತಿತು. ಮನೆಗೆ ಕೊಟ್ಟು ಕಳಿಸಿದ ಕಾಗದದಲ್ಲಿ, ಔಷಧಕ್ಕೆ ದೇಹ ಸ್ಪಂದಿಸಲಿಲ್ಲ ಎಂದಿತ್ತು. ಅತ್ತೆ ಅದನ್ನು ಮಗನಿಂದ ಎರಡೆರಡು ಸಲ ಓದಿಸಿ ಕೇಳಿದರಂತೆ. ಆಮೇಲೆ ಆ ಮನೆಯಲ್ಲಿ ಆ ವಾಕ್ಯವೇ ಮಾತಾಯಿತು. ಹಾಲು ಉಕ್ಕಿದರೂ ಇವಳ ಮೈಯೇ ಸರಿಯಿಲ್ಲ, ಹೊಲಿಗೆ ಬಿಚ್ಚಿದರೂ ಇವಳ ಮೈಯೇ ಸರಿಯಿಲ್ಲ.

ಐಸಕ್ಕನಿಗೆ ವಿಷಯ ತಿಳಿದದ್ದು ಯಂತ್ರದ ಮುಂದೆ ಕೂರುವ ಹಿರಿಯ ತಂತ್ರಜ್ಞರಿಂದ. ಎಲ್ಲರಿಗೂ ಪಾಠ ಹೇಳುವ ಚಾಳಿಯಿಂದ ಅವರಿಗೆ ಮೇಷ್ಟ್ರು ಎಂದೇ ಹೆಸರು. ಪರದೆಯ ಮೇಲಿನ ಗೆರೆ ತೋರಿಸಿ, "ಎಲ್ಲ ದಿನ ಸರಿಯಾಗಿದೆ, ಎಂಟನೇ ದಿನ ಮಾತ್ರ ಯಾಕೆ ಹೀಗೆ ಎಗರಿದೆಯೋ," ಎಂದು ಅವರು ಗೊಣಗಿದರು. ಐಸಕ್ಕನಿಗೆ ಆ ಕೆಂಪು ಛಾಯೆಯ ಕೊಳವೆ ನೆನಪಾಯಿತು. ಹತ್ತೊಂಬತ್ತು ದಿನ ಅದನ್ನು ಹೊಟ್ಟೆಯಲ್ಲಿಟ್ಟುಕೊಂಡು ತಿರುಗಿದರು. ಸಾರಿಗೆ ಉಪ್ಪೇ ಇಲ್ಲ ಎಂದು ಗಂಡ ಚೀಟಿ ಬರೆದಿಟ್ಟರೆ, ಅದಕ್ಕೂ ಉತ್ತರ ಬರೆಯಲಿಲ್ಲ.

ಇಪ್ಪತ್ತನೇ ದಿನ ಮೇಷ್ಟ್ರ ಮುಂದೆ ನಿಂತು ಹೇಳಿದರು. ಮೇಷ್ಟ್ರು ಸುತ್ತಮುತ್ತ ನೋಡಿ ದನಿ ತಗ್ಗಿಸಿದರು. "ಬಾಯಿ ಮುಚ್ಕೊಂಡಿರಮ್ಮಾ. ಆಗಿದ್ದು ಆಗೋಯ್ತು. ಒಂದು ಕೊಳವೆಗೆ ಯಾರು ಸಾಕ್ಷಿ ಹೇಳ್ತಾರೆ?"

"ಕೊಳವೆಯೇ ಹೇಳುತ್ತಲ್ಲ ಸಾರ್," ಎಂದರು ಐಸಕ್ಕ. ಪರೀಕ್ಷೆ ಮಾಡಿ ಉಳಿದ ಎಂಜಲನ್ನು ಅಲ್ಲಿ ಎರಡು ತಿಂಗಳು ಫ್ರೀಜರಿನಲ್ಲಿ ಇಡುತ್ತಾರೆ. ಒಂಬತ್ತು ವರ್ಷ ಬಾಟಲಿ ತೊಳೆದವರಿಗೆ ಯಾವುದು ಎಲ್ಲಿದೆ ಎಂದು ಯಾರೂ ಹೇಳಿಕೊಡಬೇಕಿಲ್ಲ. ಮೇಷ್ಟ್ರು ಗೊಣಗುತ್ತಲೇ ತೆಗೆದು ಪರೀಕ್ಷಿಸಿದರು. ರಕ್ತ ಇತ್ತು.

ಅಂದು ಐಸಕ್ಕ ಮೂರು ಹಾಳೆ ತುಂಬ ಬರೆದುಕೊಟ್ಟರು. ಬರೆದು ರೂಢಿಯಿಲ್ಲದ ಕೈಗೆ ಒಂದು ಮಧ್ಯಾಹ್ನವೇ ಹಿಡಿಯಿತು. ಕೆಂಪು ಕಂಡಿದ್ದೆ, ಕಂಡೂ ತಿಳಿ ಎಂದು ಬರೆದೆ, ಆ ತಾಯಿಯ ತಪ್ಪೇನೂ ಇಲ್ಲ. ಇಷ್ಟೇ ಅದರ ಸಾರ. ಅವರನ್ನು ಐದು ತಿಂಗಳು ಮತ್ತೆ ಬಾಟಲಿ ತೊಳೆಯಲು ಹಾಕಿದರು, ಬೆರಳಸಂದಿ ಮತ್ತೆ ಕೊಳೆಯಿತು. ಆದರೆ ಆ ಹಾಳೆಗಳಿಂದ ಒಂದು ಕೆಲಸವಾಯಿತು: ಮೂರನೇ ಚಿಕಿತ್ಸೆಯನ್ನು ಆಸ್ಪತ್ರೆ ಲೆಕ್ಕದಿಂದ ಹೊಡೆದುಹಾಕಿತು. ಕಾಜಾ ಹೊಲಿಯುವಾಕೆಗೆ ಇನ್ನೊಂದು ಅವಕಾಶ ಸಿಕ್ಕಿತು. ಅದು ಮಾತ್ರ ನಿಜವಾಗಿಯೂ ಕೊನೆಯದು. ಹಿಂದಿನ ಸಲ ಕೆಟ್ಟದ್ದೇಕೆ ಎಂಬುದನ್ನು ಆಸ್ಪತ್ರೆ ಆಕೆಯೊಬ್ಬಳಿಗೆ ಬಾಯಿಮಾತಿನಲ್ಲಿ ತಿಳಿಸಿತು, ಮನೆಗೆ ಬೇರೆ ಕಾಗದ ಕಳಿಸಲಿಲ್ಲ.

ಈ ಸಲ ಕೊಳವೆ ಒಯ್ಯಲು ಬೇರೆಯವರನ್ನು ಕಳಿಸಲೇ ಎಂದು ಆಸ್ಪತ್ರೆಯವರು ಆಕೆಯನ್ನು ಕೇಳಿದ್ದರು. ಆಕೆ, "ಅವರೇ ಬರ್ಲಿ. ಅವರಾದ್ರೆ ಈಗ ಹುಷಾರಾಗಿ ನೋಡ್ತಾರೆ," ಎಂದಳಂತೆ. ನಂಬಿಕೆಯೋ ಶಿಕ್ಷೆಯೋ ಐಸಕ್ಕನಿಗೆ ಇವತ್ತಿಗೂ ತಿಳಿಯದು. ಅಂದಿನಿಂದ ಬಾಗಿಲು ಒಂದು ಗೇಣು ತೆರೆಯುತ್ತದೆ, ಕೈ ಹೊರಬರುತ್ತದೆ, ಮಾತಿಲ್ಲ. ನಿಂಬೆಹಣ್ಣಿನ ಕಥೆಯೂ ಆ ಬಾಗಿಲಿಗೆ ಬೇಕಾಗಿಲ್ಲ.

ಅಂಡಾಣು ಬೆಳೆಸುವ ಹಂತ ಈ ಸಲ ಸರಿಯಾಗಿಯೇ ಮುಗಿದಿದೆ. ಒಂದೇ ಒಂದು ದಿನ ಎಳೆಯಷ್ಟು ಕೆಂಪು ಕಂಡಾಗ ಐಸಕ್ಕ ಕೊಳವೆಯನ್ನು ಹಿಂದಕ್ಕೆ ಚಾಚಿದರು, ಒಳಗಿನ ಕೈ ಅದನ್ನು ಮಾತಿಲ್ಲದೆ ತೆಗೆದುಕೊಂಡಿತು, ಹತ್ತು ನಿಮಿಷ ಕಳೆದು ಹೊಸದು ಬಂತು. ಕೆಳಗೆ ಬಸ್ಸು ಹೊರಟುಹೋದದ್ದು ಇಬ್ಬರಿಗೂ ಕೇಳಿಸಿತು. ಎರಡು ದಿನದ ಹಿಂದೆ ಭ್ರೂಣವನ್ನು ಗರ್ಭಕ್ಕೆ ಸೇರಿಸಿದ್ದಾರೆ. ಇನ್ನು ಹಾರ್ಮೋನು ಇಳಿಯದೆ ನಿಲ್ಲಬೇಕು. ಅದು ನಿಂತರೆ ಆಸೆಯೂ ಉಳಿಯುತ್ತದೆ.

ಹದಿನೆಂಟನೇ ದಿನ ಅಂಕಿ ಇಳಿಯದೆ ನಿಂತಿದೆ. ಇಪ್ಪತ್ತನೇ ದಿನವೂ ನಿಂತಿದೆ. ಐಸಕ್ಕ ಪೆಟ್ಟಿಗೆ ಇಳಿಸಿ ಹೋಗದೆ, ಏನೋ ಮರೆತವರಂತೆ ಯಂತ್ರದ ಸುತ್ತ ಸುಳಿದಾಡುತ್ತಾರೆ. ಮೇಷ್ಟ್ರಿಗೆ ಅರ್ಥವಾಗುತ್ತದೆ. ಅಂಕಿ ಹೇಳುವಂತಿಲ್ಲವಾದ್ದರಿಂದ ಸರಿಯಿದೆ ಎಂಬಂತೆ ತಲೆಯನ್ನು ಮಾತ್ರ ಆಡಿಸುತ್ತಾರೆ.

ಇಪ್ಪತ್ತಮೂರನೇ ದಿನ ಮೇಷ್ಟ್ರು ತಲೆ ಎತ್ತುವುದಿಲ್ಲ.

ಮರುದಿನ ಬೆಳಿಗ್ಗೆ ಐದೂ ಹತ್ತಕ್ಕೆ ಮತ್ತದೇ ಮೂರನೇ ಮಹಡಿ. ವೈದ್ಯರು ಮನೆಯವರನ್ನು ಕರೆಸಿ ಹೇಳುವುದು ಹನ್ನೊಂದು ಗಂಟೆಗೆ; ಅಲ್ಲಿಯವರೆಗೆ ಎಂದಿನಂತೆ ಕೊಳವೆ ತರಲೇಬೇಕು. ಫಲಿತಾಂಶ ಬಾಯಿಬಿಡುವಂತಿಲ್ಲ, ಬಿಟ್ಟರೆ ಕೆಲಸ ಹೋಗುತ್ತದೆ. ಐಸಕ್ಕ ಬಾಗಿಲು ತಟ್ಟುತ್ತಾರೆ. ಇಂದು ಬಾಗಿಲು ಪೂರ್ತಿ ತೆರೆಯುತ್ತದೆ. ಕಾಜಾ ಹೊಲಿಯುವಾಕೆ ಕೊಳವೆ ಹಿಡಿದು ನಿಂತಿದ್ದಾಳೆ, ಕಣ್ಣು ಕೆಂಪಗಿವೆ. ಹೆಂಗಸರಿಗೆ ತಮ್ಮ ಮೈಯ ಸುದ್ದಿ ಯಂತ್ರಕ್ಕಿಂತ ಮೊದಲೇ ತಿಳಿಯುವುದುಂಟು.

"ಇಳಿದಿದೆ ಅಲ್ವಾ ಅಕ್ಕ?"

"ಡಾಕ್ಟರು ಹೇಳ್ತಾರಮ್ಮಾ."

"ನೀವು ಒಂದು ಸಲ ನಿಜ ಹೇಳಿದೀರಿ. ಇನ್ನೊಂದು ಸಲ ಹೇಳಿ."

ಐಸಕ್ಕ ಪೆಟ್ಟಿಗೆ ಕೆಳಗಿಡುತ್ತಾರೆ. "ಇಳಿದಿದೆ."

"ನೋಡಿದ್ದು ಸರಿಯಾಗಿತ್ತಾ? ನೆನ್ನೆದು, ಮೊನ್ನೆದು?"

"ಎಲ್ಲ ಸರಿಯಾಗಿತ್ತು. ಒಂದೊಂದನ್ನೂ ಮೂರು ಸಲ ನೋಡಿದೀನಿ."

ಆಕೆ ತಲೆಯಾಡಿಸುತ್ತಾಳೆ. ಇನ್ನು ಬೇಕಿಲ್ಲದ ಆ ದಿನದ ಕೊಳವೆಯನ್ನೂ ಕೊಡುತ್ತಾಳೆ, ಬಾಗಿಲು ಮುಚ್ಚುತ್ತಾಳೆ. ಒಳಗಿನಿಂದ ಅಳು ಕೇಳಿಸುವುದಿಲ್ಲ. ಐಸಕ್ಕ ಮೆಟ್ಟಿಲ ಮೇಲೆ ಕುಳಿತು ತಾವೇ ಅಳುತ್ತಾರೆ. ಹನ್ನೊಂದು ವರ್ಷದಲ್ಲಿ ಮೊದಲ ಬಾರಿ ಮುಂದಿನ ಬಾಗಿಲಿಗೆ ತಡವಾಗಿ ಹೋಗುತ್ತಾರೆ.

ಈ ಕೆಲಸಕ್ಕೆ ಇನ್ನೊಂದು ಕಟ್ಟುಪಾಡಿದೆ. ಬೆಳಿಗ್ಗೆ ಬಾಗಿಲಲ್ಲಿ ಕಂಡವರನ್ನು ಹಗಲಲ್ಲಿ ಬೀದಿಯಲ್ಲಿ ಕಂಡರೆ ಗುರುತು ಹಿಡಿಯಬಾರದು. ಐಸಕ್ಕ ಯಾರನ್ನಾದರೂ ಮಾತನಾಡಿಸಿದರೆ, ಇವರು ನಿಮಗೆ ಹೇಗೆ ಪರಿಚಯ ಎಂದು ಜೊತೆಯವರು ಕೇಳುತ್ತಾರಲ್ಲ! ಮಗುವಾದವರೂ ಅಷ್ಟೇ, ಸೊಂಟದಲ್ಲಿ ಕೂಸು ಹೊತ್ತುಕೊಂಡು ಮುಖ ತಿರುಗಿಸಿ ಹೋಗುತ್ತಾರೆ. ತಿಂಗಳುಗಟ್ಟಲೆ ಇವರ ನಿಂಬೆಹಣ್ಣಿನ ಕಥೆ ಕೇಳಿದವರು ಇವರ ಭುಜಕ್ಕೆ ಭುಜ ತಾಗಿದರೂ ಅಪರಿಚಿತರೇ. ಅವರ ಮೇಲೆ ಇವರಿಗೆ ಸಿಟ್ಟಿಲ್ಲ. "ನಾನು ನೆನಪಾದ್ರೆ ಅವರಿಗೆ ಬೇಡದ್ದೆಲ್ಲ ನೆನಪಾಗುತ್ತೆ," ಎನ್ನುತ್ತಾರೆ.

ಮೂರು ವಾರದ ನಂತರ, ಒಂದು ಸಂಜೆ. ಐಸಕ್ಕ ದಿನಸಿ ಅಂಗಡಿಯಲ್ಲಿ ಸೋಪು ಆರಿಸುತ್ತಿರುವಾಗ ಕಾಜಾ ಹೊಲಿಯುವಾಕೆ ಅತ್ತೆಯ ಜೊತೆ ಒಳಗೆ ಬರುತ್ತಾಳೆ. ಐಸಕ್ಕ ಅಭ್ಯಾಸದಂತೆ ಗೋಡೆಯ ಕಡೆ ತಿರುಗಿ, ಸೋಪಿನ ಪೊಟ್ಟಣದ ಅಕ್ಷರ ಓದತೊಡಗುತ್ತಾರೆ. ಹೆಜ್ಜೆ ಹತ್ತಿರ ಬರುತ್ತದೆ, ನಿಲ್ಲುತ್ತದೆ.

"ಅತ್ತೆ, ಇವರೇ," ಎನ್ನುತ್ತಾಳೆ ಆಕೆ, ಅಂಗಡಿಯಲ್ಲಿದ್ದವರೆಲ್ಲ ತಿರುಗಿ ನೋಡುವಷ್ಟು ಗಟ್ಟಿಯಾಗಿ. "ಮೂರನೇ ಸಲ ಕೆಟ್ಟಿದ್ದು ನನ್ನ ಮೈಯಿಂದ ಅಲ್ಲ. ಇವರಿಂದ."

ಅತ್ತೆ ಐಸಕ್ಕನನ್ನು ಆಪಾದಮಸ್ತಕ ನೋಡುತ್ತಾರೆ. ಅಂಗಡಿಯವನು ತೂಕ ಮಾಡುವುದನ್ನು ನಿಲ್ಲಿಸುತ್ತಾನೆ. ಐಸಕ್ಕ ಸೋಪು ಕೆಳಗಿಟ್ಟು, ಆ ಹಿರಿಯ ಹೆಂಗಸಿನ ಮುಖವನ್ನೇ ನೋಡಿ ಹೇಳುತ್ತಾರೆ: "ಹೌದಮ್ಮಾ, ನನ್ನಿಂದಲೇ. ನಿಮ್ಮ ಸೊಸೆ ಏನೂ ಮಾಡಿಲ್ಲ."

ಅತ್ತೆ ಹೊರಗೆ ನಡೆಯುತ್ತಾರೆ. ಸೊಸೆ ಒಂದು ಕ್ಷಣ ನಿಂತು ಐಸಕ್ಕನ ಮುಂಗೈ ಮುಟ್ಟಿ, ಅತ್ತೆಯ ಹಿಂದೆ ಹೋಗುತ್ತಾಳೆ.

ಅಷ್ಟು ಜನರೆದುರು ನಾಚಿಕೆಯಾಗಲಿಲ್ಲವೇ ಎಂದು ಕೇಳಿದರೆ ಐಸಕ್ಕ ಪೆಟ್ಟಿಗೆಯ ಮಂಜುಗಡ್ಡೆ ಜೋಡಿಸುತ್ತಲೇ ಹೇಳುತ್ತಾರೆ:

"ಹನ್ನೊಂದು ವರ್ಷದಲ್ಲಿ ಬೀದೀಲಿ ನನ್ನನ್ನ ಗುರುತು ಹಿಡಿದಿದ್ದು ಅವಳೊಬ್ಬಳೇ. ಮಗು ಅಂತೂ ನನ್ನ ಕೈಲಿ ಕೊಡಿಸೋಕಾಗ್ಲಿಲ್ಲ. ಅತ್ತೆ ಮುಂದೆ ಆಯ್ತು. ಇನ್ನು ಗಂಡನ ಮುಂದೆ, ನೆಂಟರ ಮುಂದೆ, ಯಾರ ಮುಂದೆ ಹೇಳ್ಬೇಕಾದ್ರೂ ಕರೀಲಿ. ಕೆಲಸ ಬಿಟ್ಟು ಬಂದು ನಿಲ್ತೀನಿ."